ಹಳೆಯ ಜಪಾನಿ ಬೈಕಿಗೆ ಅದರ ಕಾಲದ ಬಿಡಿಭಾಗ: ಗುಜರಿಗೆ ಹಾಕುವ ಮೊದಲು ಓದಿ

ಶಿರಸಿ ಹತ್ತಿರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹನ್ನೊಂದು ಮಳೆಗಾಲ ಕಳೆದಿದ್ದ ಚಿಕ್ಕಪ್ಪನ ಯಮಹಾ ಆರ್‌ಎಕ್ಸ್ 100 ಬೈಕನ್ನು ಅಂಗಳಕ್ಕೆ ಎಳೆದ ದಿನ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ತುಕ್ಕು ತಿಂದ ಬೋಲ್ಟು, ಬಣ್ಣ ಹೋದ ಕ್ಲಾಂಪು, ಸೊಟ್ಟಗಾದ ಬ್ರಾಕೆಟ್ಟು ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟೆ. ಕಿಲೋ ಲೆಕ್ಕದಲ್ಲಿ ಸಿಕ್ಕಿದ್ದು ಒಂದು ಊಟದ ದುಡ್ಡು. ಆಮೇಲಿನ ಎರಡು ವರ್ಷ ಆ ಚೀಲದಲ್ಲಿದ್ದ ಸಾಮಾನುಗಳನ್ನೇ ಹುಡುಕಿಕೊಂಡು ಕಾರವಾರ, ಮಡಗಾಂವ, ಹುಬ್ಬಳ್ಳಿ ಎಂದು ಅಲೆದೆ.

ಹಾಗಾಗಿ, ಹಳೆಯ ಬೈಕಿಗೆ ಅದರ ಕಾಲದ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಮೊದಲ ಉತ್ತರ: ಅದೇ ಬೈಕಿನಲ್ಲಿ. ಅಂಗಡಿ, ಗುಜರಿ, ಪಾರ್ಸೆಲ್ಲು ಎಲ್ಲ ಆಮೇಲೆ. ಕೆಳಗೆ ಹೇಳುವುದು ಹೆಚ್ಚಾಗಿ ಆರ್‌ಎಕ್ಸ್ 100 ಬಗ್ಗೆ, ಏಕೆಂದರೆ ನನ್ನ ಕೈ ಸುಟ್ಟುಕೊಂಡದ್ದು ಅದರಲ್ಲಿ. ಆದರೆ 80ರ ದಶಕದಲ್ಲಿ ಜಪಾನಿನ ಕಂಪನಿಗಳ ಜೊತೆಗೂಡಿ ಇಲ್ಲಿ ತಯಾರಾದ ರಾಜ್‌ದೂತ್ 350, ಇಂಡ್-ಸುಜುಕಿ, ಹೀರೋ ಹೋಂಡಾ ಸಿಡಿ 100, ಕವಾಸಾಕಿ ಬಜಾಜ್ ಕೆಬಿ 100 ಇವುಗಳಿಗೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಬೈಕಿನ ವರ್ಷ ಗೊತ್ತಾಗಲಿ

ಆರ್‌ಎಕ್ಸ್ 100 ನಮ್ಮಲ್ಲಿ 1985ರ ಕೊನೆಗೆ ಬಂದು 1996ರಲ್ಲಿ ನಿಂತಿತು. ಮೊದಮೊದಲಿನವು ಜಪಾನಿನಿಂದ ಬಂದ ಕಿಟ್‌ಗಳನ್ನು ಇಲ್ಲಿ ಜೋಡಿಸಿದವು. ಆಮೇಲೆ ಒಂದೊಂದೇ ಭಾಗ ಇಲ್ಲಿಯೇ ತಯಾರಾಗತೊಡಗಿತು. ಅಂದರೆ 86ರ ಬೈಕಿನ ‘ಒರಿಜಿನಲ್’ ಬೇರೆ, 94ರ ಬೈಕಿನ ‘ಒರಿಜಿನಲ್’ ಬೇರೆ. ಇದನ್ನು ತಿಳಿಯದೆ ಎಲ್ಲರೂ ‘ಜಪಾನ್ ಪೀಸ್’ ಎಂಬ ಎರಡು ಶಬ್ದದ ಬೆನ್ನು ಹತ್ತುತ್ತಾರೆ. ಮಾರುವವರಿಗೂ ಅದು ಗೊತ್ತು. ಅಂಗಡಿಯಲ್ಲಿ ಆ ಶಬ್ದ ನಿಮ್ಮ ಬಾಯಿಂದ ಬಂದ ಕೂಡಲೇ ಬೆಲೆ ಎರಡು ಪಟ್ಟು. ನನ್ನ ಕೇಳಿದರೆ, 94ರ ಬೈಕಿಗೆ ಜಪಾನ್ ಮುದ್ರೆಯ ಕಾರ್ಬುರೇಟರ್ ಹಾಕುವುದೂ ಕಾಲಕ್ಕೆ ಹೊಂದದ ಕೆಲಸವೇ.

ಆರ್‌ಸಿಯಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಇರುತ್ತದೆ. ನೋಂದಣಿಯ ದಿನಾಂಕವನ್ನು ನಂಬಬೇಡಿ, ಬೈಕು ಶೋರೂಮಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದಿರಬಹುದು. ಹಳೆಯ ಆರ್‌ಎಕ್ಸ್ 100ರ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು 1ಎಲ್1 ಎಂದು ಶುರುವಾಗುತ್ತವೆ. ಎರಡನ್ನೂ ಆರ್‌ಸಿಯ ಜೊತೆ ತಾಳೆ ನೋಡಿ. ಅದಾದ ಮೇಲೆ ಮನೆಯ ಆಲ್ಬಮ್ ತೆಗೆಯಿರಿ. ಇದು ತಮಾಷೆಯಲ್ಲ. ಇಂಡಿಕೇಟರ್ ಯಾವ ಆಕಾರದ್ದಿತ್ತು, ಸೀಟಿನ ಹೊಲಿಗೆ ಹೇಗಿತ್ತು ಎಂಬುದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಸಾಕ್ಷಿ, ಅತ್ತೆಯ ಮದುವೆಯ ದಿನ ಚಪ್ಪರದ ಪಕ್ಕ ಅದೇ ಬೈಕಿನ ಮೇಲೆ ಮೂರು ಮಕ್ಕಳನ್ನು ಕೂರಿಸಿ ತೆಗೆದ ಫೋಟೋ.

ಬಿಚ್ಚುವಾಗಲೇ ಅರ್ಧ ಹುಡುಕಾಟ

ಮನೆಯಲ್ಲಿ ಅಡಿಕೆ ಹಾಳೆಯ ತಟ್ಟೆಗಳಿದ್ದರೆ ಒಂದು ಕಟ್ಟು ತಂದಿಟ್ಟುಕೊಳ್ಳಿ. ಮುಂದಿನ ಚಕ್ರಕ್ಕೆ ಒಂದು ತಟ್ಟೆ, ಕ್ಲಚ್ಚಿನ ಕವರಿಗೆ ಒಂದು, ಕಾರ್ಬುರೇಟರಿಗೆ ಒಂದು. ಬಿಚ್ಚಿದ ಪ್ರತಿ ಬೋಲ್ಟು, ವಾಶರು, ಕ್ಲಿಪ್ಪು ಅದರ ತಟ್ಟೆಗೆ. ತಟ್ಟೆಯ ಅಂಚಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು. ಹಾಳೆ ಎಣ್ಣೆ ಹೀರಿಕೊಳ್ಳುತ್ತದೆ, ಬೋಲ್ಟು ಉರುಳಿ ಹೋಗುವುದಿಲ್ಲ. ಬಿಚ್ಚುವ ಮೊದಲು, ಬಿಚ್ಚಿದ ಮೇಲೆ, ಎರಡೂ ಸಲ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಈ ಹಂತದಲ್ಲಿ ಒಂದು ಭೂತಗನ್ನಡಿ ಹಿಡಿದು ಕಾರ್ಬುರೇಟರಿನ ಸ್ಕ್ರೂವಿನ ತಲೆಯನ್ನು ನೋಡಿ. ಕೂಡುಗುರುತಿನ ಸೀಳಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ಒಂದು ಚುಕ್ಕೆ ಕಾಣಬೇಕು. ಅದು ಜಪಾನಿನ ಕೈಗಾರಿಕಾ ಮಾನಕದ, ಜೆಐಎಸ್‌ನ ಗುರುತು. ಸೀಳು ನಮ್ಮ ಫಿಲಿಪ್ಸ್ ಸ್ಕ್ರೂವಿನ ಸೀಳಿನಂತೆಯೇ ಕಂಡರೂ ಒಳಗಿನ ಕೋನ ಬೇರೆ. ಫಿಲಿಪ್ಸ್ ಸ್ಕ್ರೂಡ್ರೈವರ್ ಬಿಗಿ ಕೊಟ್ಟಾಗ ಮೇಲಕ್ಕೆ ಜಾರುವಂತೆ ರೂಪುಗೊಂಡದ್ದು. ಜೆಐಎಸ್ ಸೀಳಿನಲ್ಲಿ ಅದು ತಳ ಮುಟ್ಟದೆ ಜಾರಿ ಸೀಳನ್ನು ಸವೆಸುತ್ತದೆ. ‘ಈ ಹಳೆಯ ಜಪಾನಿ ಸ್ಕ್ರೂಗಳೇ ಮೆತ್ತಗೆ’ ಎಂದು ಎಷ್ಟೋ ಮೆಕ್ಯಾನಿಕ್‌ಗಳು ಬೈಯುವುದಕ್ಕೆ ಕಾರಣ ಇಷ್ಟೇ. ಜೆಐಎಸ್ ತುದಿಯ ಸ್ಕ್ರೂಡ್ರೈವರ್ ಒಂದನ್ನು ತರಿಸಿಕೊಂಡರೆ ನೀವು ಹೊಸದಾಗಿ ಹುಡುಕಬೇಕಾದ ಸ್ಕ್ರೂಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಬೋಲ್ಟು. 8 ಮಿಲಿಮೀಟರ್ ಬೋಲ್ಟಿನ ತಲೆಗೆ ಜಪಾನಿನವರದು 12ರ ಸ್ಪ್ಯಾನರ್. ನಮ್ಮ ಹಾರ್ಡ್‌ವೇರ್ ಅಂಗಡಿಯ ಬೋಲ್ಟಿಗೆ 13. 10 ಮಿಲಿಮೀಟರ್ ಬೋಲ್ಟಿಗೆ ಅವರದು 14, ಅಂಗಡಿಯದು ಸಾಮಾನ್ಯವಾಗಿ 17. ಬೈಕಿನ ಸುತ್ತ 13ರ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬನ್ನಿ. ಅದು ಎಲ್ಲೆಲ್ಲಿ ಕೂರುತ್ತದೆಯೋ ಅಲ್ಲಲ್ಲಿ ಹಿಂದೊಮ್ಮೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ. ತಲೆಯ ಗಾತ್ರ ಬರೀ ಅಂದದ ಪ್ರಶ್ನೆಯಾದರೆ, 10 ಮಿಲಿಮೀಟರ್ ಬೋಲ್ಟಿನಲ್ಲಿ ಅಪಾಯವೂ ಇದೆ. ಜಪಾನಿ ಬೈಕುಗಳಲ್ಲಿ ಅದರ ಮರೆಯ, ಅಂದರೆ ಥ್ರೆಡ್ಡಿನ ಸುರುಳಿ ಗೀರಿನ, ಅಂತರ ಸಾಮಾನ್ಯವಾಗಿ 1.25 ಮಿಲಿಮೀಟರ್, ಅಂಗಡಿಯ ಬೋಲ್ಟಿನದು 1.5. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯಾಗುತ್ತದೆ, ನಾಲ್ಕನೆಯದಕ್ಕೆ ಒಳಗಿನ ಮರೆ ಹಾಳು.

ನಾನು ಗುಜರಿಗೆ ಹಾಕಿದ ಚೀಲದಲ್ಲಿ 12 ಮತ್ತು 14ರ ತಲೆಯ ಬೋಲ್ಟುಗಳು ಎಷ್ಟಿದ್ದವೋ ಲೆಕ್ಕವಿಲ್ಲ. ತುಕ್ಕನ್ನು ತೆಗೆದು ಮತ್ತೆ ಸತುವಿನ ಲೇಪ ಕೊಡಿಸಿದ್ದರೆ ಅಷ್ಟೂ ಮರಳಿ ಕೂರುತ್ತಿದ್ದವು. ಅಂದ ಹಾಗೆ, ಹಳದಿ ಛಾಯೆಯ ಸತುವಿನ ಲೇಪವಿದ್ದ ಬೋಲ್ಟಿಗೆ ಕ್ರೋಮ್ ಮಾಡಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬೈಕು ಫ್ಯಾಕ್ಟರಿಯಿಂದ ಹೊರಬಂದಂತೆ ಕಾಣಬೇಕು; ಮದುವೆ ಮಂಟಪದಿಂದಲ್ಲ.

ಸಂಖ್ಯೆ ಓದುವುದನ್ನು ಕಲಿಯಿರಿ

ನಿಮ್ಮ ಮಾದರಿಯ ಬಿಡಿಭಾಗಗಳ ಕ್ಯಾಟಲಾಗ್ ಸಂಪಾದಿಸಿ. ಪ್ರತಿ ಪುಟದಲ್ಲೂ ಭಾಗಗಳನ್ನು ಬಿಡಿಬಿಡಿಯಾಗಿ ಹರಡಿ ಬರೆದ ಚಿತ್ರ, ಪಕ್ಕದಲ್ಲಿ ಸಂಖ್ಯೆ. ಅಂಗಡಿಯಲ್ಲಿ ‘ಕ್ರ್ಯಾಂಕಿನ ಬಲಗಡೆ ಸೀಲ್ ಕೊಡಿ’ (ಎಂಜಿನ್ನಿನ ತಿರುಗುವ ದಂಡದ ಸುತ್ತ ಸೋರದಂತೆ ತಡೆಯುವ ರಬ್ಬರ್ ಬಳೆ) ಎಂದರೆ ಏನೋ ಕೊಡುತ್ತಾರೆ. ಸಂಖ್ಯೆ ಹೇಳಿದರೆ ಅದನ್ನೇ ಕೊಡುತ್ತಾರೆ, ಇಲ್ಲವೇ ಇಲ್ಲ ಎನ್ನುತ್ತಾರೆ. ಎರಡೂ ಲಾಭವೇ.

ಯಮಹಾದ ಹಳೆಯ ಸಂಖ್ಯೆಯಲ್ಲಿ ಮೂರು ತುಂಡು. ಮೊದಲ ಮೂರು ಅಕ್ಷರ ಆ ಭಾಗ ಮೊದಲು ಯಾವ ಮಾದರಿಗಾಗಿ ಹುಟ್ಟಿತು ಎಂಬುದನ್ನು ಹೇಳುತ್ತವೆ, ನಡುವಿನ ಐದು ಅಂಕಿ ಅದು ಏನು ಎಂಬುದನ್ನು, ಕೊನೆಯ ಎರಡು ಅದರ ತಿದ್ದುಪಡಿ ಅಥವಾ ಬಣ್ಣವನ್ನು. ನಡುವೆ 11631 ಎಂದಿದ್ದರೆ ಅದು ಸ್ಟಾಂಡರ್ಡ್ ಪಿಸ್ಟನ್. 11635 ಎಂದರೆ ಕಾಲು ಮಿಲಿಮೀಟರ್ ದೊಡ್ಡದು, 11636 ಅರ್ಧ ಮಿಲಿಮೀಟರ್ ದೊಡ್ಡದು. ಹೋಂಡಾದಲ್ಲಿ ತುಂಡುಗಳ ಕ್ರಮ ತಿರುವುಮುರುವು: ಮೊದಲು ಭಾಗ, ಆಮೇಲೆ ಮಾದರಿ.

ಯಮಹಾದಲ್ಲಿ 9ರಿಂದ ಶುರುವಾಗುವ ಸಂಖ್ಯೆಗಳು ಬಡವರ ಬಂಧು. ಅವು ಯಾವ ಒಂದು ಮಾದರಿಗೂ ಸೇರಿದವಲ್ಲ. ಬೇರಿಂಗು, ಸೀಲು, ಸರ್ಕ್ಲಿಪ್ಪು, ವಾಶರುಗಳಂಥ ಸಾರ್ವತ್ರಿಕ ಸಾಮಾನು. ಇದನ್ನು ನನಗೆ ಕಲಿಸಿದವನು ಬೈಕ್ ಮೆಕ್ಯಾನಿಕ್ ಅಲ್ಲ, ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುವವನು. ವಾರಗಟ್ಟಲೆ ಸಿಗದ ಒಂದು ಸೀಲಿನ ಸಂಖ್ಯೆ ಬರೆದ ಚೀಟಿ ನನ್ನ ಕಿಸೆಯಲ್ಲಿತ್ತು. ಅವನು ಗ್ರೀಸ್ ಮೆತ್ತಿದ ಬೆರಳಿನಿಂದ ಚೀಟಿ ಹಿಡಿದು, ‘93102, ಆಮೇಲೆ 25. ಅಂದರೆ ಎಣ್ಣೆ ಸೀಲು, ಒಳಗಿನ ವ್ಯಾಸ 25’ ಎಂದು ಓದಿ, ಬಿಸ್ಕತ್ತಿನ ಡಬ್ಬಿಯೊಂದನ್ನು ಬೋರಲು ಹಾಕಿದ. ವರ್ನಿಯರಿನಿಂದ ಹೊರವ್ಯಾಸ, ದಪ್ಪ ಅಳೆದು ಐದು ನಿಮಿಷದಲ್ಲಿ ಒಂದನ್ನು ಕೈಗಿಟ್ಟ. ದೋಣಿಯ ಎಂಜಿನ್ನೂ ಯಮಹಾ, ನನ್ನ ಬೈಕೂ ಯಮಹಾ, ಸಂಖ್ಯೆಯ ವ್ಯಾಕರಣ ಒಂದೇ.

ಬೇರಿಂಗಿನಲ್ಲೂ ಹೀಗೆಯೇ. 93306-205 ಎಂದು ಶುರುವಾದರೆ ಅದು ಜಗತ್ತಿನಾದ್ಯಂತ 6205 ಎಂದು ಕರೆಯುವ ಬೇರಿಂಗ್. 304 ಎಂದಿದ್ದರೆ 6304. ಎನ್‌ಟಿಎನ್, ಎನ್‌ಎಸ್‌ಕೆ, ಕೋಯೋ, ಎಸ್‌ಕೆಎಫ್ ಯಾವ ಕಂಪನಿಯದಾದರೂ ಸರಿ, ಆದರೆ ಕ್ರ್ಯಾಂಕಿಗೆ ಹಾಕುವುದಾದರೆ ಹಳೆಯ ಬೇರಿಂಗಿನ ಮೇಲೆ ಸಿ3 ಎಂಬ ಗುರುತಿದೆಯೇ ನೋಡಿ, ಇದ್ದರೆ ಹೊಸದರಲ್ಲೂ ಇರಲಿ. ಅದು ಒಳಗಿನ ಸಡಿಲದ ಗುರುತು. ಕ್ರ್ಯಾಂಕ್ ಬಿಸಿಯಾಗಿ ಹಿಗ್ಗಿದಾಗ ಆ ಸಡಿಲ ಬೇಕು.

ಬಂದರಿನಿಂದ ಸೀಲು, ಬೇರಿಂಗು, ಸ್ಪಾರ್ಕ್ ಪ್ಲಗ್ ತರಬಹುದು. ಎಣ್ಣೆ ಮಾತ್ರ ಬೇಡ. ಔಟ್‌ಬೋರ್ಡಿನ ಟಿಸಿ-ಡಬ್ಲ್ಯೂ3 ಎಣ್ಣೆ ನೀರಿನಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು. ಗಾಳಿಗೆ ತಣಿಯುವ ಟೂ-ಸ್ಟ್ರೋಕ್ ಬೈಕಿನ ಬಿಸಿ ಅದಕ್ಕೆ ತಡೆಯುವುದಿಲ್ಲ.

ಮೂರು ರಾಶಿ

ಬಿಚ್ಚಿದ್ದನ್ನೆಲ್ಲ ಮೂರು ರಾಶಿ ಮಾಡಿ. ತೊಳೆದು ಮತ್ತೆ ಹಾಕುವಂಥದ್ದು, ರಿಪೇರಿ ಮಾಡಿಸಿ ಹಾಕುವಂಥದ್ದು, ಹೊಸದೇ ಬೇಕಾದದ್ದು. ಮೂರನೆಯ ರಾಶಿ ದೊಡ್ಡದಾಗಿ ಕಂಡರೆ ಒಂದು ವಾರ ಬಿಟ್ಟು ಮತ್ತೆ ನೋಡಿ, ಚಿಕ್ಕದಾಗಿರುತ್ತದೆ. ಡೊಂಕಾದ ಮೂಲ ಟಾಂಕಿ ಹೊಸ ನಕಲಿ ಟಾಂಕಿಗಿಂತ ಯಾವತ್ತೂ ಮೇಲು; ಸವೆದ ಮೂಲ ಕಿಕ್ಕರಿಗೆ ಲೇತಿನವನು ಮದ್ದು ಹೇಳುತ್ತಾನೆ.

ನಮ್ಮ ಕಡೆ ಒಂದು ವಿಶೇಷ ಶತ್ರುವಿದೆ. ಘಟ್ಟದ ಮೇಲೆ ಬೈಕು ನಿಲ್ಲಿಸುವ ಕೊಟ್ಟಿಗೆಯಲ್ಲೇ ತೋಟಕ್ಕೆ ಹೊಡೆಯುವ ಮೈಲುತುತ್ತದ ಚೀಲವೂ ಇರುತ್ತದೆ. ತೇವಕ್ಕೆ ಕರಗಿದ ಮೈಲುತುತ್ತ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ನನ್ನ ಎಂಜಿನ್ನಿನ ಎಡಗಡೆಯ ಕವರಿನಲ್ಲಿ ಸಿಡುಬಿನ ಕಲೆಯಂಥ ಗುಳಿಗಳು ಬಿದ್ದದ್ದು ಹಾಗೆ. ಕರಾವಳಿಯಲ್ಲಿ ಆ ಕೆಲಸವನ್ನು ಉಪ್ಪುಗಾಳಿ ಮಾಡುತ್ತದೆ, ಹೆಚ್ಚಾಗಿ ಕ್ರೋಮಿನ ಕೆಳಗೆ ಹೊಕ್ಕು.

ರಬ್ಬರಿನ ವಿಷಯದಲ್ಲಿ ಮಾತ್ರ ನನ್ನ ಮಾತು ಉಲ್ಟಾ. ಮೂವತ್ತು ವರ್ಷ ಪೆಟ್ಟಿಗೆಯಲ್ಲೇ ಉಳಿದ ಹೊಸ ಸೀಲು ಹೊಸದಲ್ಲ. ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಸೀಲು, ಪೆಟ್ರೋಲ್ ಪೈಪು, ಕಾರ್ಬುರೇಟರಿನ ರಿಂಗು, ಟೈರು ಇವೆಲ್ಲ ಈಗ ತಯಾರಾದವೇ ಇರಲಿ. ಟೈರಿನ ಬದಿಯ ನಾಲ್ಕು ಅಂಕಿ ನೋಡಿ, 2324 ಎಂದಿದ್ದರೆ 2024ರ 23ನೇ ವಾರದ್ದು. ಬಂಕಿನಲ್ಲಿ ಈಗ ಸಿಗುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು. 80ರ ದಶಕದ ರಬ್ಬರು ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ನಮ್ಮ ಆಷಾಢದ ಹವೆಯಲ್ಲಿ ಟಾಂಕಿಯ ಒಳಗೆ ತುಕ್ಕು ಹಿಡಿಯಲು ಅಷ್ಟು ಸಾಕು.

ಹಳೆಯ ಬ್ರೇಕ್ ಶೂಗಳನ್ನೂ ಹೊಸದೆಂದು ಹಿಗ್ಗಿ ಕೊಳ್ಳಬೇಡಿ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಪುಡಿಯನ್ನು ಬಾಯಿಂದ ಊದುವ, ಗಾಳಿ ಹೊಡೆಯುವ ಅಭ್ಯಾಸ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ.

ಎಲ್ಲಿ ಹುಡುಕುವುದು

ಹತ್ತಿರದಿಂದ ಶುರುಮಾಡಿ. ಅಂಕೋಲ, ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರ ಎಲ್ಲೇ ಹೋದರೂ ಮಾಲೀಕನಿಗೆ ಅರವತ್ತು ದಾಟಿದ ಗ್ಯಾರೇಜು ಹುಡುಕಿ. ಅಂಥವರ ಅಟ್ಟದಲ್ಲಿ ಗಿರಾಕಿ ಬಿಟ್ಟುಹೋದ ಎಂಜಿನ್ ಕವರು, ಮೀಟರು, ಹೆಡ್‌ಲೈಟ್ ರಿಂಗು ಧೂಳು ತಿನ್ನುತ್ತಿರುತ್ತವೆ. ಮೊದಲ ಭೇಟಿಯಲ್ಲೇ ವ್ಯಾಪಾರ ಮಾತಾಡಬೇಡಿ. ಚಹಾ ಕುಡಿದು ಚೀಟಿ ಕೊಟ್ಟು ಬನ್ನಿ, ಎರಡನೆಯ ಸಲ ಅಟ್ಟ ಹತ್ತಲು ಬಿಡುತ್ತಾರೆ. ಮುಚ್ಚಿಹೋದ ಹಳೆಯ ಡೀಲರುಗಳ ಗೋದಾಮು ಯಾರ ಕೈಯಲ್ಲಿದೆ ಎಂಬುದೂ ಇವರಿಗೇ ಗೊತ್ತು. ಮಾರಿಕಾಂಬಾ ಜಾತ್ರೆಗೆ ಬಂದ ನೆಂಟರಿಗೆಲ್ಲ ನಾನು ಬೇಕಾದ ಸಾಮಾನಿನ ಹೆಸರು ಹೇಳಿದ್ದೆ. ನಕ್ಕರು, ಆದರೆ ಬಲಗಡೆಯ ಸೈಡ್ ಪ್ಯಾನೆಲ್ ಯಲ್ಲಾಪುರದ ಒಂದು ಅಡಿಕೆ ಅಟ್ಟದಿಂದ ಬಂದದ್ದು ಹಾಗೆಯೇ.

ಕಾರವಾರದವರಿಗೆ ಗೋವಾ ಮನೆಯಂಗಳ. ಮಾಜಾಳಿ ದಾಟಿದರೆ ಕಾಣಕೋಣ, ಆಮೇಲೆ ಮಡಗಾಂವ. ಗೋವಾದಲ್ಲಿ ಬೈಕನ್ನೇ ಬಾಡಿಗೆಗೆ ಓಡಿಸುವ ‘ಪೈಲಟ್’ಗಳಿದ್ದಾರೆ. ದಿನವಿಡೀ ಓಡುವ ಬೈಕಿನ ಮೆಕ್ಯಾನಿಕ್ ಬಿಡಿಭಾಗ ಎಸೆಯುವುದಿಲ್ಲ, ಕೂಡಿಡುತ್ತಾನೆ. ಕೊಂಕಣಿಯಲ್ಲಿ ಮಾತಾಡಿ, ಬೆಲೆ ಸ್ವಲ್ಪ ಇಳಿಯುತ್ತದೆ. ಕ್ರೋಮ್ ಕೆಲಸಕ್ಕೆ, ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡುವ ಬೋರಿಂಗ್ ಕೆಲಸಕ್ಕೆ ನಾನು ಹುಬ್ಬಳ್ಳಿಗೆ ಹೋಗುತ್ತೇನೆ.

ದೂರದ ಪೇಟೆಗಳು ಗೊತ್ತಿರುವವೇ: ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್. ಪುದುಪೇಟೆ ಬಿಚ್ಚಿದ ಗಾಡಿಗಳ ಊರು, ಕರೋಲ್ ಬಾಗ್ ಹೊಸ ನಕಲಿಗಳದ್ದೂ ಊರು. ಖುದ್ದಾಗಿ ಹೋಗುವುದಾದರೆ ನಿಮ್ಮ ಹಳೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಸಂಖ್ಯೆ ಕಾಣುವ ಫೋಟೋ, ಸ್ಕೇಲ್ ಪಕ್ಕದಲ್ಲಿಟ್ಟ ಫೋಟೋ, ತೂಕ, ಈ ಮೂರು ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ. ವಿದೇಶದಿಂದ ತರಿಸುವಾಗ ಸುಂಕ ಮತ್ತು ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಿ.

ಪಿಸ್ಟನ್ನಿನಲ್ಲಿ ನಾನು ಬಿದ್ದ ಹಳ್ಳದಲ್ಲಿ ನೀವು ಬೀಳಬೇಡಿ. ಸ್ಟಾಂಡರ್ಡ್ ಗಾತ್ರದ, ಪೆಟ್ಟಿಗೆ ಒಡೆಯದ ಜಪಾನ್ ಪಿಸ್ಟನ್ ಸಿಕ್ಕಿತೆಂದು ಒಂದು ತಿಂಗಳ ಉಳಿತಾಯ ಸುರಿದೆ. ಆರ್‌ಎಕ್ಸ್ 100ರ ಸಿಲಿಂಡರ್ ಹೊಸದಾಗಿದ್ದಾಗ 50 ಮಿಲಿಮೀಟರ್. ನನ್ನದನ್ನು ಬೋರಿಂಗ್ ಅಂಗಡಿಯಲ್ಲಿ ಅಳೆದಾಗ ಚಿಕ್ಕಪ್ಪನ ಕಾಲದಲ್ಲೇ ಮುಕ್ಕಾಲು ಮಿಲಿಮೀಟರ್ ಕೊರೆದಾಗಿತ್ತು. ಪಿಸ್ಟನ್ ಒಳಗೆ ಗಂಟೆಯ ನಾಲಿಗೆಯಂತೆ ಆಡಿತು. ಮೊದಲು ಸಿಲಿಂಡರ್ ಅಳೆಸಿ, ಆಮೇಲೆ ಪಿಸ್ಟನ್. ಆ ಪಿಸ್ಟನ್ನನ್ನು ಭಟ್ಕಳದ ಒಬ್ಬರಿಗೆ ಕೊಟ್ಟು ಅವರಿಂದ ಮೂಲ ಹೆಡ್‌ಲೈಟ್ ರಿಂಗು ಮತ್ತು ಎರಡು ಇಂಡಿಕೇಟರ್ ತಂದೆ. ಈ ಲೋಕದಲ್ಲಿ ದುಡ್ಡಿಗೆ ಸಿಗದ್ದು ಅದಲುಬದಲಿಗೆ ಸಿಗುತ್ತದೆ, ಆದ್ದರಿಂದ ತಪ್ಪಿ ಕೊಂಡದ್ದನ್ನೂ ಎಸೆಯಬೇಡಿ.

ಕೈಗೆ ಬಂದದ್ದನ್ನು ಪರೀಕ್ಷಿಸುವುದು

ಪೆಟ್ಟಿಗೆ ನೋಡಿ ಮರುಳಾಗಬೇಡಿ. ಹಳೆಯ ಪೆಟ್ಟಿಗೆಯೊಳಗೆ ಹೊಸ ನಕಲಿ ಇಡುವುದು ಹಳೆಯ ವಿದ್ಯೆ. ಕಾಳುಮೆಣಸು, ಏಲಕ್ಕಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲಿದ್ದರೆ ಅದೇ ನಿಮ್ಮ ಪ್ರಯೋಗಶಾಲೆ. ನಿಮ್ಮ ಹಳೆಯ ಭಾಗವನ್ನೂ ಬಂದದ್ದನ್ನೂ ತೂಗಿ. ನನಗೆ ಬಂದ ಒಂದು ಕಿಕ್ಕರ್ ನೋಟದಲ್ಲಿ ತಪ್ಪಿರಲಿಲ್ಲ, ತೂಕದಲ್ಲಿ ಐದನೇ ಒಂದು ಭಾಗ ಕಡಿಮೆ. ಹದಿನೈದು ದಿನದಲ್ಲಿ ಬಾಗಿತು. ಅಚ್ಚಿನಲ್ಲಿ ಎರಕ ಹೊಯ್ದ ಭಾಗವಾದರೆ ಅಕ್ಷರಗಳ ಅಂಚು ಮುಟ್ಟಿ ನೋಡಿ, ನಕಲಿಯಲ್ಲಿ ಅವು ಕರಗಿದ ಬೆಲ್ಲದಂತೆ ಮೊಂಡಾಗಿರುತ್ತವೆ. ಪ್ಲಾಸ್ಟಿಕ್ ಭಾಗದ ಒಳಮೈಯಲ್ಲಿ ಕೆಲವೊಮ್ಮೆ ಗಡಿಯಾರದ ಮುಖದಂಥ ಪುಟ್ಟ ವೃತ್ತವಿರುತ್ತದೆ, ತಯಾರಾದ ತಿಂಗಳು ವರ್ಷ ಅದರಲ್ಲೇ ಸಿಗುತ್ತದೆ.

ಕಾರ್ಬುರೇಟರಿನ ಜೆಟ್ಟು (ಪೆಟ್ರೋಲು ಹಾದುಹೋಗುವ ಪುಟ್ಟ ತೂತಿನ ತುಂಡು) ಮಾತ್ರ ಅಗ್ಗದ್ದೆಂದು ಕೊಳ್ಳಲೇಬೇಡಿ. ಕಾರ್ಬುರೇಟರ್ ತಯಾರಿಸುವ ಮಿಕುನಿ ಕಂಪನಿಯ ಅಸಲಿ ಜೆಟ್ಟಿನ ಮೇಲೆ ಚೌಕದೊಳಗೆ ಚೌಕದ ಪುಟ್ಟ ಮುದ್ರೆಯಿರುತ್ತದೆ. ನಕಲಿಯ ಮೇಲೆ ಬರೆದ ಅಂಕಿಗೂ ಒಳಗಿನ ತೂತಿಗೂ ಸಂಬಂಧವಿರುವುದಿಲ್ಲ. ತೂತು ಸಣ್ಣದಾದರೆ ಪೆಟ್ರೋಲು ಕಡಿಮೆ, ಅದರಲ್ಲಿ ಬೆರೆತ ಎಣ್ಣೆಯೂ ಕಡಿಮೆ, ಪಿಸ್ಟನ್ ಸುಡುತ್ತದೆ.

ಕೂಡಿಟ್ಟದ್ದನ್ನು ಕಾಯುವುದೂ ಇದೇ ಕೆಲಸದ ಭಾಗ. ಕಬ್ಬಿಣದ ಸಾಮಾನಿಗೆ ಗ್ರೀಸ್ ಸವರಿ, ಎಣ್ಣೆ ಕಾಗದದಲ್ಲಿ ಸುತ್ತಿ, ಮುಚ್ಚಳ ಬಿಗಿಯುವ ಡಬ್ಬಿಯಲ್ಲಿ ಹಾಕಿಡಿ. ಕಾರವಾರದ ಬಾಡಿಗೆ ಮನೆಯ ಕಿಟಕಿಯಲ್ಲಿ ನಾನಿಟ್ಟ ಹೊಸ ಸ್ಪೋಕುಗಳು ಒಂದೇ ಮಳೆಗಾಲದಲ್ಲಿ ಕೆಂಪಾದವು.

ಕಾಗದಪತ್ರ

ಎಂಜಿನ್ ಕೇಸಿಂಗ್ ಕೊಳ್ಳುವಾಗ ಮಾರುವವನ ಆರ್‌ಸಿಯ ಪ್ರತಿ ಇಲ್ಲದೆ ದುಡ್ಡು ಕೊಡಬೇಡಿ, ಅದು ಕದ್ದ ಗಾಡಿಯದ್ದಾಗಿರಬಹುದು. ಬೇರೆ ಸಂಖ್ಯೆಯ ಎಂಜಿನ್ ಕೂರಿಸಿದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಬೇಕು. ಸಂಖ್ಯೆ ಉಜ್ಜಿ ಬೇರೆ ಹೊಡೆಸಿಕೊಡುತ್ತೇನೆ ಎನ್ನುವವನ ಅಂಗಡಿಯಿಂದ ಎದ್ದು ಬನ್ನಿ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ, ವಿಎ ಅಕ್ಷರದ ಸಂಖ್ಯಾಫಲಕ ಎಲ್ಲ 50 ವರ್ಷ ದಾಟಿದ ಗಾಡಿಗಳಿಗೆ ಮಾತ್ರ. ನನ್ನದು 1987ರದ್ದು, 2037ರ ತನಕ ಅದು ಸಾಮಾನ್ಯ ಹಳೆಯ ಬೈಕು. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಆಗ ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಆದ್ದರಿಂದ ಚಾಸಿಸ್ಸನ್ನು ಪೌಡರ್ ಕೋಟಿಂಗಿಗೆ ಕೊಡುವ ಮೊದಲು ಆ ಅಂಕಿಗಳ ಮೇಲೆ ಶಾಖ ತಡೆಯುವ ಟೇಪು ಅಂಟಿಸಲು ಹೇಳಿ. ದಪ್ಪ ಬಣ್ಣದ ಕೆಳಗೆ ಹೂತುಹೋದ ಸಂಖ್ಯೆಯನ್ನು ನಾನು ಬ್ಲೇಡಿನಿಂದ ಒಂದೊಂದೇ ಅಂಕಿಯಾಗಿ ಕೆರೆದು ತೆಗೆಯಲು ಒಂದು ಇಡೀ ಭಾನುವಾರ ಬೇಕಾಯಿತು.